ಜಾರುವ ಚಕ್ರ, ಬದಲಾಗುವ ನೆಲ

ಅಡಿಕೆ ಹಾಳೆಯ ಮೇಲೆ ಒಬ್ಬ ಕೂರಬೇಕು, ಇನ್ನೊಬ್ಬ ಸೋಗೆಯ ತುದಿ ಹಿಡಿದು ಎಳೆಯಬೇಕು. ಸಗಣಿ ಸಾರಿಸಿದ ಅಂಗಳದಲ್ಲಾದರೆ ಹಾಳೆ ಸರ್ರೆಂದು ಹೋಗುತ್ತದೆ. ಎಳೆಯುವವನು ಓಡುತ್ತಾ ಓಡುತ್ತಾ ಥಟ್ಟನೆ ಪಕ್ಕಕ್ಕೆ ತಿರುಗಿದನೋ, ಕೂತವನು ಹಾಳೆಯ ಸಮೇತ ಹೊರಕ್ಕೆ ಬೀಸಿಕೊಂಡು ಹೋಗಿ ತುಳಸಿಕಟ್ಟೆಗೆ ಬಡಿಯುವ ಹಂತಕ್ಕೆ ಬಂದು ನಿಲ್ಲುತ್ತಾನೆ. ಅದೇ ಹಾಳೆಯನ್ನು ಜಲ್ಲಿ ರಸ್ತೆಗೆ ತಂದು ನೋಡಿ. ಹತ್ತು ಹೆಜ್ಜೆಗೆ ಎಳೆಯುವವನ ತೋಳು ಸೋಲುತ್ತದೆ, ಇಪ್ಪತ್ತು ಹೆಜ್ಜೆಗೆ ಹಾಳೆ ತೂತಾಗುತ್ತದೆ. ಕೂತವನ ಚಡ್ಡಿಯ ಕಥೆ ಬೇರೆ. ಹಾಳೆ ಅದೇ, ಕೂತವನ ತೂಕವೂ ಅದೇ. ಬದಲಾದದ್ದು ನೆಲ ಮಾತ್ರ. ಮಲೆನಾಡಿನ ಮಕ್ಕಳು ಇದನ್ನು ಯಾವ ಪುಸ್ತಕವನ್ನೂ ಓದದೆ ಕಲಿತಿದ್ದಾರೆ.

ಈಗ ಹಾಳೆಯ ಜಾಗಕ್ಕೆ ರಿಮೋಟ್ ಕಾರು ಬಂದಿದೆ. ಅದರಲ್ಲೂ ‘ಡ್ರಿಫ್ಟ್ ಕಾರು’ ಎಂಬ ಜಾತಿಯದು. ಅಸಲಿ ಕಾರಿನ ಹತ್ತನೇ ಒಂದು ಗಾತ್ರ, ಹತ್ತಿರ ಹತ್ತಿರ ಒಂದು ಮೊಳ ಉದ್ದ, ಸುಮಾರು ಒಂದೂವರೆ ಕಿಲೋ ತೂಕ. ಸಾಮಾನ್ಯ ರಿಮೋಟ್ ಕಾರಿನ ಹೆಚ್ಚುಗಾರಿಕೆ ನೆಲಕ್ಕೆ ಕಚ್ಚಿಕೊಂಡು ಓಡುವುದರಲ್ಲಿದ್ದರೆ ಇದರದ್ದು ಜಾರುವುದರಲ್ಲಿದೆ. ಮೂತಿ ತಿರುವಿನ ಒಳಗೆ, ಬಾಲ ತಿರುವಿನ ಹೊರಗೆ, ಮುಂದಿನ ಚಕ್ರಗಳು ತಿರುವಿಗೆ ವಿರುದ್ಧ ದಿಕ್ಕಿನಲ್ಲಿ. ಹೀಗೆ ಏಡಿಯಂತೆ ಓರೆಯಾಗಿ ಓಡಬೇಕು, ಆದರೆ ಬುಗುರಿಯಂತೆ ಗಿರ್ರನೆ ತಿರುಗಿಬಿಡಬಾರದು. ಅಲ್ಲಿಯೇ ಆಟದ ಸ್ವಾರಸ್ಯ, ಅಲ್ಲಿಯೇ ತಲೆನೋವು.

ಭದ್ರಾವತಿಯ ಓಲ್ಡ್ ಟೌನ್‌ನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಭದ್ರೆಯ ಆಚೆ ದಡದ ನ್ಯೂ ಟೌನ್ ಕಾರ್ಖಾನೆಗೆಂದು ಅಳತೆ ಹಾಕಿ ಕಟ್ಟಿದ ಊರು; ಈಚೆಯ ಓಲ್ಡ್ ಟೌನ್ ಹೊಯ್ಸಳರ ಲಕ್ಷ್ಮೀನರಸಿಂಹ ದೇವಾಲಯವಿರುವ, ತಾನೇ ತಾನಾಗಿ ಬೆಳೆದ ಊರು. ಹಾಗಾಗಿ ಇಲ್ಲಿನ ಹಳೆಯ ಮನೆಗಳಲ್ಲಿ ಒಂದೇ ಸೂರಿನಡಿ ನಾಲ್ಕು ಕಾಲದ ನೆಲ ಇದ್ದರೆ ಆಶ್ಚರ್ಯವಿಲ್ಲ. ನಡುಮನೆಯಲ್ಲಿ ಅಜ್ಜಿಯ ಕಾಲದ ರೆಡ್ ಆಕ್ಸೈಡ್ ಕೆಂಪು ಗಾರೆ, ಮುಂದಿನ ಹಾಲ್‌ನಲ್ಲಿ ಮೊನ್ನೆ ಮೊನ್ನೆ ಹಾಕಿಸಿದ ಹೊಳೆಯುವ ಟೈಲ್ಸ್, ಹಿತ್ತಲ ಕಡೆ ಒರಟು ಕಲ್ಲುಚಪ್ಪಡಿ, ಮೇಲೆ ಸಿಮೆಂಟಿನ ತಾರಸಿ. ಬಾಗಿಲು ದಾಟಿದರೆ ಡಾಂಬರು. ಈ ಮನೆಯ ಹುಡುಗನ ಕಾರು ಹಾಲ್‌ನಲ್ಲಿ ಗಿರಗಿರ ಸುತ್ತುತ್ತದೆ, ತಾರಸಿಯ ಮೇಲೆ ಜಾರುವುದೇ ಇಲ್ಲ, ರಸ್ತೆಯಲ್ಲಿ ಕಿರ್ರೆಂದು ಅರಚಿ ಮುಗ್ಗರಿಸುತ್ತದೆ. ನಡುಮನೆಗೆ ತಂದರೆ ಒಳಗಿನಿಂದ, ‘ಏ, ದೇವರ ಮನೆ ಮುಂದಿನ ನೆಲಕ್ಕೆ ಒಂದು ಗೀರು ಬಿದ್ರೂ ಆ ಕಾರು ಹೊಳೆಗೆ ಹೋಗುತ್ತೆ ನೋಡು’ ಎಂಬ ಘೋಷಣೆ ಬರುತ್ತದೆ.

ಹುಡುಗನ ತೀರ್ಮಾನ ಸಿದ್ಧವಾಗಿರುತ್ತದೆ: ಕಾರೇ ಸರಿಯಿಲ್ಲ. ಹೊಸ ಸ್ಪ್ರಿಂಗ್ ಬೇಕು, ಹೊಸ ಮೋಟಾರು ಬೇಕು, ಜಪಾನಿನ ಟೈರು ಬೇಕು. ‘ಅಪ್ಪಾ, ಇದೊಂದು ಸಲ’ ಎಂಬ ರಾಗ ಶುರು. ಒಳ್ಳೆಯ ಕಾರು, ರಿಮೋಟ್, ಬ್ಯಾಟರಿ, ಚಾರ್ಜರ್ ಸೇರಿ ಈ ಆಟ ಹತ್ತಾರು ಸಾವಿರ ರೂಪಾಯಿಯ ಬಾಬತ್ತು. ಭದ್ರಾವತಿಯೋ, 1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆಯನ್ನೂ 2015ರಲ್ಲಿ ಉತ್ಪಾದನೆ ನಿಲ್ಲಿಸಿದ ಕಾಗದದ ಕಾರ್ಖಾನೆಯನ್ನೂ ನಂಬಿ ಬೆಳೆದ ಊರು. ಇಲ್ಲಿನ ಬಹಳ ಮನೆಗಳಲ್ಲಿ ಆಟಿಕೆಗೆ ಹತ್ತು ಸಾವಿರ ಎಂಬುದು ಸಣ್ಣ ಮಾತಲ್ಲ. ಹಾಗಾಗಿ ಬಿಡಿಭಾಗಗಳ ಪಟ್ಟಿ ಅಪ್ಪನ ಕೈ ಸೇರುವ ಮುನ್ನ ಕೇಳಬೇಕಾದ ಪ್ರಶ್ನೆಯೊಂದಿದೆ. ಕೆಟ್ಟಿರುವುದು ಕಾರೋ, ಅಥವಾ ನೆಲಕ್ಕೂ ಚಕ್ರಕ್ಕೂ ಹೊಂದಿಕೆಯಾಗುತ್ತಿಲ್ಲವೋ? ಹತ್ತರಲ್ಲಿ ಎಂಟು ಸಲ ಎರಡನೆಯದೇ. ಅದನ್ನು ಸರಿಪಡಿಸುವ ಖರ್ಚು ಹಾರ್ಡ್‌ವೇರ್ ಅಂಗಡಿಯಲ್ಲಿ ಮುಗಿಯುತ್ತದೆ.

ಈ ಹುಚ್ಚಿನ ತವರು ಜಪಾನ್. ಅಲ್ಲಿನ ಬೆಟ್ಟದ ಅಂಕುಡೊಂಕು ರಸ್ತೆಗಳಲ್ಲಿ ರಾತ್ರಿ ಹೊತ್ತು ಕಾರು ಜಾರಿಸುವ ಪುಂಡಾಟಿಕೆ ಇತ್ತು. ಕೀಯಿಚಿ ತ್ಸುಚಿಯಾ ಎಂಬ ರೇಸ್ ಚಾಲಕ ಅದರಲ್ಲಿ ಪಳಗಿದವರು. 1987ರಲ್ಲಿ ಬಂದ ‘ಪ್ಲಸ್ಪಿ’ ಎಂಬ ವಿಡಿಯೊ ಅವರನ್ನು ಮನೆಮಾತಾಗಿಸಿತು. 2000ದಲ್ಲಿ ಡಿ1 ಸ್ಪರ್ಧೆ ಶುರುವಾಗಿ ಪುಂಡಾಟಿಕೆಗೆ ಅಂಕಣ, ತೀರ್ಪುಗಾರರು, ನಿಯಮಗಳು ಬಂದವು. ಇದನ್ನು ನೋಡಿದ ರಿಮೋಟ್ ಕಾರಿನ ಹವ್ಯಾಸಿಗಳು ತಮ್ಮ ರೇಸ್ ಕಾರುಗಳನ್ನೂ ಜಾರಿಸಲು ಹೊರಟರು. ಆದರೆ ಮೆತ್ತನೆಯ ರಬ್ಬರ್ ಟೈರು ನೆಲ ಬಿಡಬೇಕಲ್ಲ? ಟೈರಿಗೆ ಟೇಪು ಸುತ್ತಿ ನೋಡಿದರು. ಕೊನೆಗೆ ಕೊಳಾಯಿಯವರ ಪ್ಲಾಸ್ಟಿಕ್ ಪೈಪನ್ನು ಬಳೆಯಂತೆ ಕತ್ತರಿಸಿ ಚಕ್ರಕ್ಕೆ ತೊಡಿಸಿದರು. ಕೆಲಸ ಆಯಿತು! ಯೊಕೊಮೊ, ಟಮಿಯಾದಂಥ ಕಂಪನಿಗಳು ಡ್ರಿಫ್ಟಿಗೆಂದೇ ಕಾರು, ಗಟ್ಟಿ ಪ್ಲಾಸ್ಟಿಕ್ ಟೈರು ಮಾರತೊಡಗಿದರೂ ಅದರ ಮೂಲಪುರುಷ ಈ ಪೈಪಿನ ಬಳೆಯೇ.

ಹಾಗಾದರೆ ಮೊದಲ ಪಾಠ ಹಾರ್ಡ್‌ವೇರ್ ಅಂಗಡಿಯಲ್ಲಿ. ಚಕ್ರದ ಅಳತೆಗೆ ಹತ್ತಿರದ ಪಿವಿಸಿ ಪೈಪಿನ ಒಂದು ತುಂಡು ಸಾಕು. ಸಡಿಲವಾದರೆ ಚಕ್ರಕ್ಕೆ ಎರಡು ಸುತ್ತು ಟೇಪು ಸುತ್ತಿ ಬಿಗಿ ಮಾಡಬಹುದು. ಬಿಗಿಯಾದರೆ ಬಳೆಯನ್ನು ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ ತೊಡಿಸಬಹುದು. ಬೆಂಕಿಯ ಮೇಲೆ ಮಾತ್ರ ಹಿಡಿಯಕೂಡದು. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಎಂಬ ಉಸಿರುಕಟ್ಟಿಸುವ ಅನಿಲ ಬರುತ್ತದೆ. ಪೈಪು ಕತ್ತರಿಸುವಾಗ ಗರಗಸ ಓರೆಯಾದರೆ ಚಕ್ರ ಕುಂಟುತ್ತದೆ. ಈ ಕೆಲಸದಲ್ಲಿ ಭದ್ರಾವತಿ, ಶಿವಮೊಗ್ಗದ ಮಕ್ಕಳಿಗೆ ಬೆಂಗಳೂರಿನವರಿಗಿಂತ ಅನುಕೂಲ ಹೆಚ್ಚು. ಉಕ್ಕಿನ ಕಾರ್ಖಾನೆ, ಮಾಚೇನಹಳ್ಳಿಯ ಫೌಂಡ್ರಿಗಳ ಸಹವಾಸದ ಊರುಗಳಿವು. ಬಂಧು ಬಳಗದಲ್ಲಿ ಒಬ್ಬರಾದರೂ ಟರ್ನರ್ ಮಾಮ ಸಿಗುತ್ತಾರೆ. ಲೇತಿಗೆ ಕೊಟ್ಟು ನೈಲಾನ್ ರಾಡಿನಿಂದ ನಾಲ್ಕು ಬಳೆ ಕಡೆದುಕೊಂಡರೆ ಅಂಗಡಿಯ ಟೈರಿಗೆ ಅದೇನೂ ಕಡಿಮೆಯಲ್ಲ. (ಹೊಯ್ಸಳರ ಕಂಬಗಳನ್ನು ನೋಡಿದವರಿಗೆ ಕಡೆಯುವ ವಿದ್ಯೆ ಈ ಸೀಮೆಗೆ ಹೊಸದಲ್ಲವೆಂದು ಹೇಳಬೇಕಾಗಿಲ್ಲ.) ಪಿವಿಸಿ ಬಳೆ ಒಂದು ಜೊತೆ, ನೈಲಾನ್ ಬಳೆ ಒಂದು ಜೊತೆ: ಎರಡು ಬಗೆಯ ಚಕ್ರ ಕೈಗೆ ಬಂತೆಂದರೆ ಎರಡು ಬಗೆಯ ನೆಲಕ್ಕೆ ಉತ್ತರ ಸಿಕ್ಕಂತೆ.

ಈಗ ಘರ್ಷಣೆಯ ವಿಷಯ. ಟೈರಿಗೂ ನೆಲಕ್ಕೂ ನಡುವಿನ ಹಿಡಿತವನ್ನು ತಿಂಗಳ ಸಂಬಳ ಎಂದುಕೊಳ್ಳಿ. ಮೊತ್ತ ನಿಗದಿಯಾಗಿದೆ. ಅದರಲ್ಲೇ ಮುಂದಕ್ಕೆ ತಳ್ಳುವ ಖರ್ಚು, ಬ್ರೇಕಿನ ಖರ್ಚು, ತಿರುವಿನಲ್ಲಿ ಪಕ್ಕಕ್ಕೆ ಹಿಡಿದುಕೊಳ್ಳುವ ಖರ್ಚು ಎಲ್ಲವೂ ನಡೆಯಬೇಕು. ತಿರುವಿಗೆ ಪೂರ್ತಿ ಸಂಬಳ ಸುರಿದಿರುವಾಗ ಥ್ರಾಟಲ್ ಒತ್ತಿದರೆ ಸಾಲ ಕೊಡುವವರಿಲ್ಲ. ಹಿಂದಿನ ಚಕ್ರ ಕೈಬಿಡುತ್ತದೆ, ಬಾಲ ಹೊರಕ್ಕೆ ಹೋಗುತ್ತದೆ. ಡ್ರಿಫ್ಟ್ ಎಂದರೆ ಬೇಕೆಂದೇ ದಿವಾಳಿಯಾಗಿ, ಆ ದಿವಾಳಿಯಲ್ಲೂ ಮರ್ಯಾದೆ ಉಳಿಸಿಕೊಂಡು ಓಡುವ ಕಲೆ.

ಈ ಸಂಬಳ ಎಷ್ಟೆಂದು ಹೇಳುವ ಸಂಖ್ಯೆಗೆ ಘರ್ಷಣಾಂಕ ಎನ್ನುತ್ತಾರೆ. ಒಣ ಡಾಂಬರಿನ ಮೇಲೆ ಅಸಲಿ ಕಾರಿನ ರಬ್ಬರ್ ಟೈರಿಗೆ ಅದು ಸುಮಾರು 0.7ರಿಂದ 0.9. ನುಣುಪು ನೆಲದ ಮೇಲೆ ಗಟ್ಟಿ ಪ್ಲಾಸ್ಟಿಕ್ಕಿಗೆ 0.2, 0.3ರ ಆಸುಪಾಸು. ತಿರುವಿನಲ್ಲಿ ಕಾರು ಹೋಗಬಹುದಾದ ಗರಿಷ್ಠ ವೇಗ ಈ ಅಂಕೆಯಿಂದಲೇ ಬರುತ್ತದೆ. ವೇಗದ ವರ್ಗ ಎಂದರೆ ಘರ್ಷಣಾಂಕ, ಗುರುತ್ವದ 9.8, ವೃತ್ತದ ತ್ರಿಜ್ಯ, ಈ ಮೂರರ ಗುಣಲಬ್ಧ. ಒಂದು ಮೀಟರ್ ತ್ರಿಜ್ಯದ ವೃತ್ತ, 0.3 ಘರ್ಷಣಾಂಕ ಎಂದಿಟ್ಟುಕೊಂಡರೆ 2.94, ಅದರ ವರ್ಗಮೂಲ ಸುಮಾರು 1.7. ಅಂದರೆ ಸೆಕೆಂಡಿಗೆ 1.7 ಮೀಟರ್, ಗಂಟೆಗೆ ಆರು ಕಿಲೋಮೀಟರ್ ಚಿಲ್ಲರೆ. ಮೋಟಾರು ಎಷ್ಟೇ ಬಲಶಾಲಿಯಾದರೂ ಆ ನೆಲದಲ್ಲಿ ಆ ವೃತ್ತದಲ್ಲಿ ಅದಕ್ಕಿಂತ ಜೋರಾಗಿ ಹೋಗಲಾರದು. ಸೂತ್ರದಲ್ಲಿ ಕಾರಿನ ತೂಕ ಎಲ್ಲೂ ಬರಲಿಲ್ಲ, ಮೋಟಾರಿನ ಬೆಲೆಯೂ ಬರಲಿಲ್ಲ, ಗಮನಿಸಿದಿರಾ? ಅಪ್ಪಂದಿರು ಈ ಸಾಲನ್ನು ಬೇಕಾದರೆ ಕತ್ತರಿಸಿ ಇಟ್ಟುಕೊಳ್ಳಬಹುದು.

ಅಂಕೆಯನ್ನು ಮನೆಯಲ್ಲೇ ಅಳೆಯಬಹುದು. ಅದಕ್ಕೆ ಕಾರು ಕೂಡ ಬೇಕಿಲ್ಲ. ಒಂದು ಹಲಗೆಯ ತುಂಡಿನ ಕೆಳಗೆ ನಾಲ್ಕು ಮೂಲೆಗೆ ನಾಲ್ಕು ಪೈಪಿನ ಬಳೆಗಳನ್ನು, ಉರುಳದಂತೆ, ಚಕ್ರ ನಿಂತಿರುವ ಹಾಗೆ ಅಂಟಿಸಿ. ಮೇಲೆ ಕಲ್ಲು ಹೇರಿ ಒಟ್ಟು ತೂಕ 1500 ಗ್ರಾಂ ಮಾಡಿ. ಶಾಲೆಯ ಪ್ರಯೋಗಾಲಯದ ಸ್ಪ್ರಿಂಗ್ ತಕ್ಕಡಿಯನ್ನು ಕೊಕ್ಕೆಗೆ ಸಿಕ್ಕಿಸಿ ನೆಲಕ್ಕೆ ಸಮನಾಗಿ ನಿಧಾನಕ್ಕೆ ಎಳೆಯಿರಿ. ಹಲಗೆ ಕದಲುವ ಮುನ್ನ ಮುಳ್ಳು ಸ್ವಲ್ಪ ಹೆಚ್ಚು ತೋರಿಸುತ್ತದೆ; ಜಾರತೊಡಗಿದ ಮೇಲೆ ಇಳಿದು ಒಂದು ಕಡೆ ನಿಲ್ಲುತ್ತದೆ. ಮೊದಲಿನದು ಸ್ಥಾಯಿ ಘರ್ಷಣೆ, ಎರಡನೆಯದು ಜಾರು ಘರ್ಷಣೆ. ಜಾರುವಾಗ ಮುಳ್ಳು 450 ಗ್ರಾಂ ತೋರಿದರೆ 450ನ್ನು 1500ರಿಂದ ಭಾಗಿಸಿ: 0.3. ಇದೇ ಹಲಗೆಯನ್ನು ಟೈಲ್ಸಿನ ಮೇಲೆ, ಕಲ್ಲುಚಪ್ಪಡಿಯ ಮೇಲೆ, ತಾರಸಿಯ ಮೇಲೆ, ಶಾಲೆಯ ಸಿಮೆಂಟ್ ಜಗಲಿಯ ಮೇಲೆ ಎಳೆದು ಅಂಕೆ ಬರೆದುಕೊಂಡರೆ ಓಣಿಯ ನೆಲಗಳ ಜಾತಕ ಸಿದ್ಧ. ಒಂದೊಂದು ನೆಲದಲ್ಲಿ ಐದು ಸಲ ಎಳೆದು ಸರಾಸರಿ ತೆಗೆಯಬೇಕು. ಒಂದೇ ಸಲದ ಅಳತೆಯನ್ನು ನಂಬುವಂತಿಲ್ಲ. ಕಾರು ಕೊಳ್ಳಲಾಗದ ಮನೆಯ ಹುಡುಗ ಹುಡುಗಿಯರೂ ವಿಜ್ಞಾನ ವಸ್ತುಪ್ರದರ್ಶನಕ್ಕೆ ಇದನ್ನು ಒಯ್ಯಬಹುದು. ಅಗಲದ ಬಳೆಗೆ ಹೆಚ್ಚು ಹಿಡಿತವೇ ಎಂಬ ಪ್ರಶ್ನೆಯನ್ನೂ ಇದರಲ್ಲೇ ಪರೀಕ್ಷಿಸಬಹುದು. ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಅಗಲದಿಂದ ಹೆಚ್ಚೇನೂ ವ್ಯತ್ಯಾಸವಾಗದು. ರಬ್ಬರ್ ಮಾತ್ರ ಈ ನಿಯಮವನ್ನು ಸರಿಯಾಗಿ ಪಾಲಿಸುವುದಿಲ್ಲ.

ಕಾರಿದ್ದವರು ಇನ್ನೊಂದು ಪರೀಕ್ಷೆ ಮಾಡಬಹುದು. ಸೀಮೆಸುಣ್ಣದಲ್ಲಿ ಒಂದು ಮೀಟರ್ ತ್ರಿಜ್ಯದ ವೃತ್ತ ಬರೆದು, ಅದರ ಮೇಲೆ ಜಾರುತ್ತಲೇ ಹತ್ತು ಸುತ್ತು ಹಾಕಿಸಿ, ಗಡಿಯಾರ ನೋಡಿ. ಘರ್ಷಣಾಂಕ 0.2 ಇರುವ ನೆಲದಲ್ಲಿ ಲೆಕ್ಕದ ಪ್ರಕಾರ 45 ಸೆಕೆಂಡು ಬೇಕು, 0.3ಕ್ಕೆ 37, 0.4ಕ್ಕೆ 32. ಹಲಗೆಯ ಪ್ರಯೋಗ 37 ಎನ್ನುವ ಕಡೆ ಕಾರು 50 ಸೆಕೆಂಡು ತೆಗೆದುಕೊಂಡರೆ, ಇರುವ ಹಿಡಿತವನ್ನು ಕಾರೋ ಚಾಲಕನೋ ಪೋಲು ಮಾಡುತ್ತಿದ್ದಾರೆಂದು ಅರ್ಥ. ಹೊಂದಾಣಿಕೆಗೆ ಕೈಹಾಕಬೇಕಾದದ್ದು ಆಗ.

ಟೈಲ್ಸ್ ನೆಲದಿಂದಲೇ ಶುರುಮಾಡೋಣ, ಎಲ್ಲರ ಮನೆಯಲ್ಲೂ ಇರುವುದರಿಂದ. ಹೊಳೆಯುವ ಟೈಲ್ಸ್ ನುಣುಪು ನಿಜ, ಆದರೆ ಅದಕ್ಕಿಂತ ದೊಡ್ಡ ವೈರಿ ಧೂಳು. ಕೇರಂ ಬೋರ್ಡಿಗೆ ಪೌಡರ್ ಹಾಕಿದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ನೆಲದ ಧೂಳು, ಬಳೆ ಸವೆದು ಬಿದ್ದ ಬಿಳಿ ಪುಡಿ ಎರಡೂ ಅದೇ ಕೆಲಸ ಮಾಡುತ್ತವೆ. ಆಟ ಶುರುವಾದಾಗ ಚೆನ್ನಾಗಿ ಓಡಿದ ಕಾರು ಹತ್ತು ನಿಮಿಷದ ಮೇಲೆ ಸುತ್ತತೊಡಗಿದರೆ ಸ್ಕ್ರೂಡ್ರೈವರ್ ಹುಡುಕಬೇಡಿ, ಕಸಪೊರಕೆ ಹುಡುಕಿ. ನೆಲ ಒರೆಸಿ, ಚಕ್ರಗಳನ್ನೂ ಒರೆಸಿ, ಪೂರ್ತಿ ಒಣಗಿದ ಮೇಲೆ ಮತ್ತೆ ಓಡಿಸಿ. ಫಿನಾಯಿಲ್ ಹಾಕಿ ಒರೆಸಿದ ದಿನಕ್ಕೂ ಬರೀ ನೀರಿನಲ್ಲಿ ಒರೆಸಿದ ದಿನಕ್ಕೂ ವ್ಯತ್ಯಾಸ ಕಂಡರೆ ಅದೂ ಪುಸ್ತಕದಲ್ಲಿ ದಾಖಲಾಗಲಿ. ಇನ್ನು ಟೈಲ್ಸಿನ ಸಂದು. ಕಾರು ಹತ್ತನೇ ಒಂದು ಗಾತ್ರದ್ದು ಎಂದರೆ ನೆಲದ ಮೂರು ಮಿಲಿಮೀಟರ್ ಸಂದು ಅದರ ಪಾಲಿಗೆ ಮೂರು ಸೆಂಟಿಮೀಟರ್ ಗುಂಡಿ. ತಾರಸಿಯ ಸಣ್ಣ ಕಲ್ಲುಹರಳು ಅದಕ್ಕೆ ಬಂಡೆ.

ಇಂಥ ಜಾರುವ ನೆಲದಲ್ಲಿ ಕಾರಿಗೆ ಬೇಕಾದದ್ದು ಮೆದುತನ. ಹಿಂದಿನ ಸ್ಪ್ರಿಂಗ್ ಮೆತ್ತಗಿರಲಿ. ಥ್ರಾಟಲ್ ಒತ್ತಿದಾಗ ಕಾರು ಕುಂಡೆಯ ಮೇಲೆ ಕೂತು ಹಿಂದಿನ ಚಕ್ರಕ್ಕೆ ಭಾರ ಕೊಡುತ್ತದೆ. ಬ್ಯಾಟರಿಯನ್ನು ಹಿಂದಕ್ಕೆ ಸರಿಸಲು ಜಾಗವಿದ್ದರೆ ಸರಿಸಿ ನೋಡಿ, ಇದಕ್ಕೆ ಕಾಸು ಖರ್ಚಿಲ್ಲ. ಒಟ್ಟು ತೂಕ ಸೂತ್ರದಲ್ಲಿ ಬರದಿದ್ದರೂ ತೂಕ ಯಾವ ಚಕ್ರದ ಮೇಲೆ ಎಷ್ಟು ಕೂತಿದೆ ಎಂಬುದು ಬಹಳ ಮುಖ್ಯ. ಹಿಂದಿನ ಚಕ್ರಗಳಿಗೆ ತುಸು ಟೋ-ಇನ್ ಕೊಡಿ. ಟೋ-ಇನ್ ಎಂದರೆ ಮೇಲಿನಿಂದ ನೋಡಿದಾಗ ಎರಡೂ ಚಕ್ರಗಳ ಮುಂಭಾಗ ಒಳಮುಖವಾಗಿರುವುದು, ಕಾಲಿನ ಹೆಬ್ಬೆರಳು ಒಳಕ್ಕೆ ಮಾಡಿ ನಡೆಯುವವರ ಹಾಗೆ. ಒಂದೆರಡು ಡಿಗ್ರಿ ಸಾಕು, ಬಾಲದ ಚಂಚಲತೆ ಇಳಿಯುತ್ತದೆ. ರಿಮೋಟ್‌ನಲ್ಲಿ ಥ್ರಾಟಲಿನ ಮೊದಲ ಏಟನ್ನು ತಗ್ಗಿಸುವ ಸೌಲಭ್ಯವಿದ್ದರೆ ತಗ್ಗಿಸಿ. ಇಲ್ಲದಿದ್ದರೆ ಬೆರಳನ್ನೇ ತಗ್ಗಿಸುವುದು ಕಲಿಯಬೇಕು, ಅದು ಇನ್ನೂ ಒಳ್ಳೆಯದು.

ತಾರಸಿಯ ಕಥೆ ತದ್ವಿರುದ್ಧ. ಒರಟು ಸಿಮೆಂಟು ಚಕ್ರವನ್ನು ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಕಾರು ಜಾರುವ ಬದಲು ಕುಪ್ಪಳಿಸುತ್ತದೆ. ಇಲ್ಲಿಗೆ ಎರಡು ಜೊತೆಯಲ್ಲಿ ಕಡಿಮೆ ಹಿಡಿತದ್ದು ಯಾವುದೋ ಅದು ಬೇಕು. ಯಾವುದೆಂದು ಹಲಗೆಯ ಪ್ರಯೋಗ ಆಗಲೇ ಹೇಳಿದೆ. ಕಾರಿನ ಹೊಟ್ಟೆ ನೆಲಕ್ಕೆ ತಾಗದಂತೆ ಎತ್ತರಿಸಬೇಕು: ನುಣುಪು ನೆಲದಲ್ಲಿ ಐದು ಮಿಲಿಮೀಟರ್ ಎತ್ತರ ಸಾಕಾಗಿದ್ದರೆ ಇಲ್ಲಿ ಅದಕ್ಕೂ ಹೆಚ್ಚು. ಹಿಡಿತ ಹೆಚ್ಚಾದಷ್ಟೂ ತಿರುವಿನಲ್ಲಿ ಕಾರು ಹೊರಕ್ಕೆ ವಾಲುವುದರಿಂದ ಸ್ಪ್ರಿಂಗ್ ಒಂದು ಹಂತ ಗಟ್ಟಿ. ತೀರಾ ಗಟ್ಟಿಯಾದರೆ ಒರಟು ನೆಲದಲ್ಲಿ ಚಕ್ರ ಗಾಳಿಯಲ್ಲೇ ಇರುತ್ತದೆ, ಆದ್ದರಿಂದ ಹದ ನೋಡಿ. ಬಳೆ ಮಾತ್ರ ಇಲ್ಲಿ ಸೀಮೆಸುಣ್ಣದಂತೆ ಸವೆಯುತ್ತದೆ. ದುಬಾರಿ ಟೈರು ಹಾಕಿ ತಾರಸಿಗೆ ಹೋಗುವವರಿಗೆ ದೇವರೇ ಗತಿ. ಪೈಪಿನ ಬಳೆ ಇರುವುದೇ ಇದಕ್ಕಾಗಿ. ತಾರಸಿಗೆ ಮೋಟುಗೋಡೆ ಇಲ್ಲದಿದ್ದರೆ ಅಲ್ಲಿ ಈ ಆಟವೇ ಬೇಡ. ಹುಡುಗರ ಕಣ್ಣು ಕಾರಿನ ಮೇಲಿರುತ್ತದೆ, ಅಂಚಿನ ಮೇಲಲ್ಲ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮೇಲಂತೂ ಜಾರುವುದು ಕಾರಲ್ಲ, ಹುಡುಗರು.

ಕೆಂಪು ಗಾರೆ ನೆಲ ಹಳೆಯದಾದಷ್ಟೂ ನುಣುಪಾಗುವ ಅಪರೂಪದ ನೆಲ. ಡ್ರಿಫ್ಟಿಗೆ ಅದಕ್ಕಿಂತ ಚೆಲುವಾದ ಅಂಕಣ ಸಿಗಲಾರದು. ಆದರೆ ಚಕ್ರದಡಿ ಸಿಕ್ಕ ಒಂದು ಮರಳಿನ ಕಣ ಅದರ ಮೇಲೆ ಉದ್ದ ಗೀರು ಎಳೆಯುತ್ತದೆ, ಆ ಗೀರನ್ನು ಅಳಿಸಬಲ್ಲ ಗಾರೆ ಕೆಲಸದವರು ಈಗ ಸುಲಭಕ್ಕೆ ಸಿಗುವುದಿಲ್ಲ. ಅಮ್ಮಂದಿರು ಹೇಳುವುದೇ ಸರಿ. ಜಮಖಾನ ಹಾಸಿ ಓಡಿಸುವ ಉಪಾಯವೂ ನಡೆಯದು, ಅದು ಮುದುಡಿಕೊಳ್ಳುತ್ತದೆ. ಡಾಂಬರು ರಸ್ತೆಯ ಮಾತು ಬೇಡವೇ ಬೇಡ, ಅಲ್ಲಿ ಬರುವ ಬೈಕುಗಳು ಹತ್ತನೇ ಒಂದು ಗಾತ್ರದವಲ್ಲ.

ಇನ್ನು ಗೈರೊ. ಹಿಂದಿನ ಎರಡೇ ಚಕ್ರಗಳಿಗೆ ಬಲವಿರುವ ಈಗಿನ ಡ್ರಿಫ್ಟ್ ಕಾರುಗಳಲ್ಲಿ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಡಬ್ಬಿ ಇರುತ್ತದೆ. ಅದರ ಚಿಪ್‌ನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾನ್ ತುಣುಕೊಂದು ಸದಾ ಕಂಪಿಸುತ್ತಿರುತ್ತದೆ. ಕಾರು ತಿರುಗಿದಾಗ ಆ ಕಂಪನ ಪಕ್ಕಕ್ಕೆ ವಾಲುತ್ತದೆ. ಅದರಿಂದ ಬಾಲ ಎಷ್ಟು ಬೇಗ ಹೊರಹೋಗುತ್ತಿದೆ ಎಂದು ತಿಳಿದು ಗೈರೊ ಮುಂದಿನ ಚಕ್ರಗಳನ್ನು ವಿರುದ್ಧ ದಿಕ್ಕಿಗೆ ತಾನೇ ತಿರುಗಿಸುತ್ತದೆ. ಇದು ಮೋಸವಲ್ಲವೇ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡಿ. ಕಾರು ಹತ್ತನೇ ಒಂದಾದರೂ ಗುರುತ್ವ ಹತ್ತನೇ ಒಂದಾಗಿಲ್ಲ. ಹಾಗಾಗಿ ಎಲ್ಲ ಘಟನೆಗಳೂ ಹತ್ತರ ವರ್ಗಮೂಲದಷ್ಟು, ಅಂದರೆ ಮೂರು ಪಟ್ಟಿಗಿಂತ ತುಸು ಹೆಚ್ಚು ಬೇಗ ನಡೆದುಹೋಗುತ್ತವೆ. ಅಸಲಿ ಕಾರಿನ ಚಾಲಕನಿಗೆ ಒಂದು ಸೆಕೆಂಡು ಸಿಗುವ ಕಡೆ ರಿಮೋಟ್ ಹಿಡಿದವನಿಗೆ ಸಿಗುವುದು ಸೆಕೆಂಡಿನ ಮೂರನೇ ಒಂದು ಭಾಗ. ಕಣ್ಣು ಕಂಡು ಬೆರಳು ಅಲುಗಲು ಅದರ ಅರ್ಧಕ್ಕಿಂತ ಹೆಚ್ಚೇ ಬೇಕು. ಆ ಕೊರತೆಯನ್ನು ಗೈರೊ ತುಂಬುತ್ತದೆ, ಅಷ್ಟೆ. ಅದರ ತೀವ್ರತೆಯನ್ನು ಹೆಚ್ಚುಕಡಿಮೆ ಮಾಡಲು ತಿರುಪು ಇಲ್ಲವೇ ರಿಮೋಟ್‌ನಲ್ಲಿ ಗುಂಡಿ ಇರುತ್ತದೆ. ನೆಲ ಬದಲಾದಾಗ ಹೀಗೆ ಮಾಡಿ: ಮುಂದಿನ ಚಕ್ರಗಳು ಚಳಿಜ್ವರ ಬಂದಂತೆ ನಡುಗುವವರೆಗೆ ಹೆಚ್ಚಿಸಿ, ನಡುಕ ನಿಲ್ಲುವವರೆಗೆ ಇಳಿಸಿ, ಅಲ್ಲಿಗೆ ಬಿಡಿ.

ಕ್ಯಾಂಬರ್, ಕ್ಯಾಸ್ಟರ್, ಅಕರ್ಮನ್ ಎಂದು ಇನ್ನೂ ಹತ್ತಾರು ಹೆಸರುಗಳಿವೆ. ಟೈರ್ ಅಂಗಡಿಯಲ್ಲಿ ಅಪ್ಪನ ಕಾರಿಗೆ ವೀಲ್ ಅಲೈನ್‌ಮೆಂಟ್ ಮಾಡಿಸುವಾಗ ಪರದೆಯ ಮೇಲೆ ಮೊದಲೆರಡು ಕಾಣುತ್ತವೆ. ಇವೆಲ್ಲ ಉಪಯುಕ್ತವೇ, ಆದರೆ ಸರದಿ ಇದೆ. ಮೊದಲು ಶುಚಿ, ಆಮೇಲೆ ಬಳೆ, ಆಮೇಲೆ ಭಾರ ಎಲ್ಲಿದೆ ಎಂಬುದು, ನಂತರ ಗೈರೊ ಮತ್ತು ಸ್ಪ್ರಿಂಗ್. ಈ ಹೆಸರುಗಳು ಕೊನೆಗೆ. ಮುಖ್ಯವಾದ ಮಾತೆಂದರೆ ಒಂದು ಸಲಕ್ಕೆ ಒಂದೇ ಬದಲಾವಣೆ. ಸ್ಪ್ರಿಂಗ್ ಬದಲಿಸಿ, ಟೋ ತಿರುಗಿಸಿ, ಬ್ಯಾಟರಿ ಸರಿಸಿ ಒಟ್ಟಿಗೆ ಮೂರೂ ಮಾಡಿದರೆ ಕಾರು ಚೆನ್ನಾದರೂ ಯಾಕೆ ಚೆನ್ನಾಯಿತೆಂದು ತಿಳಿಯುವುದಿಲ್ಲ, ಕೆಟ್ಟರೂ ತಿಳಿಯುವುದಿಲ್ಲ. ಹಳೆಯ ನೋಟ್ ಪುಸ್ತಕದ ಒಂದು ಪುಟಕ್ಕೆ ಒಂದು ನೆಲ ಎಂದು ಇಟ್ಟು, ಬದಲಾವಣೆ ಏನು, ಹತ್ತು ಸುತ್ತಿಗೆ ಎಷ್ಟು ಸೆಕೆಂಡು ಎಂದು ಬರೆದರೆ ಹದಿನೈದು ದಿನದಲ್ಲಿ ಆ ಪುಸ್ತಕ ಯಾವ ಬಿಡಿಭಾಗಕ್ಕಿಂತಲೂ ಹೆಚ್ಚು ಬೆಲೆಬಾಳುತ್ತದೆ. ಡಾಕ್ಟರು ಒಂದೊಂದೇ ಔಷಧ ಬದಲಿಸಿ ನೋಡುವುದೂ ಇದೇ ಕಾರಣಕ್ಕೆ.

ದೊಡ್ಡವರೂ ಹೀಗೇ ಮಾಡುತ್ತಾರೆ. ಭದ್ರಾವತಿಯಿಂದ ತರೀಕೆರೆ ದಾಟಿದರೆ ಚಿಕ್ಕಮಗಳೂರು. ಅಲ್ಲಿನ ಕಾಫಿ ತೋಟಗಳ ಮಣ್ಣುದಾರಿಗಳಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತುಗಳು ನಡೆದಿವೆ. 2013, 2016 ಮತ್ತು 2017ರಲ್ಲಿ ಆ ಚಾಂಪಿಯನ್‌ಷಿಪ್ ಗೆದ್ದವರು ಭಾರತದ ಗೌರವ್ ಗಿಲ್. ಮಣ್ಣುದಾರಿಗೆ ಇಳಿಯುವ ರ‍್ಯಾಲಿ ಕಾರು ಎತ್ತರವಾಗಿರುತ್ತದೆ, ಸ್ಪ್ರಿಂಗ್ ಮೆದುವಾಗಿರುತ್ತದೆ, ಟೈರಿನ ಹಲ್ಲು ದಪ್ಪಗಿರುತ್ತದೆ. ಅದೇ ಕಾರು ಡಾಂಬರಿಗೆ ಹೋಗುವಾಗ ಕೆಳಕ್ಕಿಳಿಯುತ್ತದೆ, ಗಟ್ಟಿಯಾಗುತ್ತದೆ, ಟೈರು ನುಣ್ಣಗಾಗುತ್ತದೆ. ಸ್ಪರ್ಧೆಗೆ ಮುನ್ನ ಚಾಲಕರು ದಾರಿಯನ್ನು ನಿಧಾನವಾಗಿ ಓಡಾಡಿ ನೋಡಿ, ತಿರುವು ತಿರುವಿಗೂ ಟಿಪ್ಪಣಿ ಬರೆದುಕೊಳ್ಳುತ್ತಾರೆ. ಲಕ್ಷಗಟ್ಟಲೆ ರೂಪಾಯಿಯ ಕಾರಿನ ಪಕ್ಕದ ಸೀಟಿನಲ್ಲಿ ಕೂರುವುದು ಒಂದು ನೋಟ್ ಪುಸ್ತಕ ಹಿಡಿದ ಮನುಷ್ಯ.

ಹೆತ್ತವರು ಈ ಆಟವನ್ನು ಕೇವಲ ದುಂದು ಎನ್ನುವ ಮುನ್ನ ಯೋಚಿಸಬೇಕಾದ ಇನ್ನೊಂದು ಲೆಕ್ಕವಿದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಸ್ಕೂಟರಿಗೆ ಬ್ರೇಕ್ ಹಿಡಿದರೆ, ಘರ್ಷಣಾಂಕ 0.7 ಇರುವ ಒಣ ರಸ್ತೆಯಲ್ಲಿ ಅದು ಸುಮಾರು 9 ಮೀಟರಿಗೆ ನಿಲ್ಲಬಹುದು. 0.4 ಆದರೆ 16 ಮೀಟರ್ ಬೇಕು. ಬೇಸಿಗೆಯಿಡೀ ರಸ್ತೆಯ ಮೇಲೆ ಕೂತ ಎಣ್ಣೆ, ಧೂಳು, ಟೈರಿನ ಪುಡಿ ಮೊದಲ ಮಳೆಯ ಹನಿಗೆ ಕಲಸಿ ಲೇಪವಾಗುತ್ತದೆ. ಜೋರು ಮಳೆ ಬಂದು ತೊಳೆದುಹೋಗುವವರೆಗೆ ಸ್ಕೂಟರುಗಳು ದಡಬಡ ಬೀಳುವುದು ಅದಕ್ಕೇ. ಆ ಏಳು ಮೀಟರಿನ ವ್ಯತ್ಯಾಸದಲ್ಲಿ ಒಂದು ಲಾರಿಯ ಹಿಂಭಾಗ ಇರಬಹುದು, ರಸ್ತೆ ದಾಟುತ್ತಿರುವ ಮಗು ಇರಬಹುದು. ತಿರುವಿನಲ್ಲಿ ಬ್ರೇಕ್ ಹಿಡಿದರೆ ಒಂದೇ ಸಂಬಳದಲ್ಲಿ ಎರಡು ಖರ್ಚು ಎಂಬುದನ್ನು ಹನ್ನೆರಡನೇ ವಯಸ್ಸಿನಲ್ಲಿ ಹಾಲ್‌ನ ಟೈಲ್ಸಿನ ಮೇಲೆ ಸಾವಿರ ಸಲ ನೋಡಿದವರಿಗೆ ಹದಿನೆಂಟರಲ್ಲಿ ಅದನ್ನು ಮಂಡಿ ಒಡೆದುಕೊಂಡು ಕಲಿಯುವ ಅಗತ್ಯ ಕಡಿಮೆ. ಅಸಲಿ ವಾಹನವನ್ನು ಜಾರಿಸಿ ನೋಡುವ ಚಪಲವನ್ನಂತೂ ಬೀದಿಯಲ್ಲಿ ತೀರಿಸಿಕೊಳ್ಳುವಂತಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ 25 ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು.

ಬ್ಯಾಟರಿಯ ವಿಚಾರ ಆಟದಷ್ಟು ಹಗುರವಲ್ಲ. ಈ ಕಾರುಗಳಲ್ಲಿ ಹೆಚ್ಚಾಗಿ ಬಳಸುವುದು ಎರಡು ಕೋಶಗಳ, 7.4 ವೋಲ್ಟಿನ ಲಿಥಿಯಂ ಪಾಲಿಮರ್ ಬ್ಯಾಟರಿ. ಪ್ರತಿ ಕೋಶ 4.2 ವೋಲ್ಟ್ ದಾಟಬಾರದು, 3ರಿಂದ ಕೆಳಗಿಳಿಯಬಾರದು. ಕೋಶಗಳನ್ನು ಬೇರೆ ಬೇರೆಯಾಗಿ ಸರಿದೂಗಿಸುವ ಬ್ಯಾಲೆನ್ಸ್ ಚಾರ್ಜರಿನಲ್ಲೇ, ಮನೆಯವರು ಎಚ್ಚರವಿರುವಾಗಲೇ, ಕಲ್ಲು ಅಥವಾ ಸಿಮೆಂಟಿನ ನೆಲದ ಮೇಲಿಟ್ಟೇ ಚಾರ್ಜ್ ಮಾಡಬೇಕು. ಹಾಸಿಗೆಯ ಮೇಲಿಟ್ಟು ರಾತ್ರಿಯಿಡೀ ಬಿಡುವುದು ಬೆಂಕಿಗೆ ಆಹ್ವಾನ. ಬಿದ್ದು ಜಜ್ಜಿಹೋದ, ಹೊಟ್ಟೆ ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಕೂಡದು. ಪರೀಕ್ಷೆಯ ತಿಂಗಳಲ್ಲಿ ಕಾರು ಅಟ್ಟ ಸೇರುವುದಾದರೆ ಕೋಶಕ್ಕೆ 3.8 ವೋಲ್ಟಿನ ಹಾಗೆ ಉಳಿಸಿ, ಕಾರಿನಿಂದ ಬಿಚ್ಚಿ ತಂಪಾದ ಜಾಗದಲ್ಲಿಡಿ.

ಬಳೆಗಳನ್ನು ಬದಲಿಸುವಾಗ ಸವೆದ ಒಂದನ್ನು ಮಾತ್ರ ಬದಲಿಸಬೇಡಿ. ಎಡ ಬಲದ ಚಕ್ರಗಳ ದಪ್ಪ ಬೇರೆಯಾದರೆ ಕಾರು ಒಂದು ಕಡೆಗೆ ಎಳೆಯುತ್ತದೆ, ಆಗ ಮತ್ತೆ ಸ್ಪ್ರಿಂಗಿನ ಮೇಲೆ ಅನುಮಾನ ಶುರುವಾಗುತ್ತದೆ. ನಾಲ್ಕನ್ನೂ ಒಂದೇ ಪೈಪಿನಿಂದ, ಒಂದೇ ದಿನ ಕತ್ತರಿಸಿ ತೊಡಿಸಿ. ಮಿಕ್ಕ ಪೈಪಿನ ಮೇಲೆ ಯಾವ ಅಂಗಡಿಯದು, ಯಾವ ನೆಲಕ್ಕೆ ಹೊಂದಿತು ಎಂದು ಪೆನ್ನಿನಲ್ಲಿ ಬರೆದಿಟ್ಟುಕೊಂಡರೆ ಮುಂದಿನ ಸಲ ಹುಡುಕಾಟ ತಪ್ಪುತ್ತದೆ.